ನೀರು ತಿರುಗಿಸುವ ಮುಂಚೆ ಶಿಲ್ಕು ಬರೆಯಿರಿ

ಮುನವಳ್ಳಿಯ ಬಜಾರದಲ್ಲಿ ನಿಂತು ಕಡಲಹುಲ್ಲಿನ ಮಾತು ತೆಗೆದರೆ ಜನ ನಕ್ಕಾರು. ಅರಬ್ಬೀ ಸಮುದ್ರ ಎಲ್ಲಿ, ಸವದತ್ತಿ ತಾಲೂಕು ಎಲ್ಲಿ! ಗಿರಣಿಯ ಪಾಳಿ ಮುಗಿಸಿ ಬಂದವನಿಗೆ ನಳದಲ್ಲಿ ನೀರು ಬಂದೀತೋ ಇಲ್ಲವೋ ಎಂಬುದು ಚಿಂತೆ. ಕಿರಾಣಿ ಅಂಗಡಿಕಾರನಿಗೆ ಉದ್ರಿ ವಸೂಲಿಯ ಚಿಂತೆ. ನೀರಿನ ತಳದಲ್ಲಿ ಹುಲ್ಲು ಬೆಳೆದರೇನು, ಸತ್ತರೇನು ಎಂದು ವಾಚಕರು ಕೇಳಬಹುದು. ಆದರೆ ನಾವು ಈ ಮಾತನ್ನು ಸುಮ್ಮನೆ ಎತ್ತಿಲ್ಲ. ಮಲಪ್ರಭೆಗೆ ನೀರು ಬೇಕೆಂದು ನಾವು ನೀವೆಲ್ಲ ಕೂಗುತ್ತ ಬಂದ ಕಳಸಾ-ಬಂಡೂರಿಯ ಹಕ್ಕಿಗೂ, ಗೋವೆಯ ಅಳಿವೆಯ ಕೆಸರಿನಲ್ಲಿ ಬೆಳೆಯುವ ಒಂದು ಸಣ್ಣ ಹುಲ್ಲಿಗೂ ಸಂಬಂಧವಿದೆ. ಆ ಸಂಬಂಧವನ್ನು ನಮ್ಮ ಪುಢಾರಿಗಳು ಹೇಳುವುದಿಲ್ಲ, ಅವರ ಪುಢಾರಿಗಳೂ ಹೇಳುವುದಿಲ್ಲ. ಆದ್ದರಿಂದ ನಾವೇ ಹೇಳಬೇಕಾಗಿದೆ.

ಮೊದಲು ಭೂಗೋಲ ನೋಡೋಣ. ಖಾನಾಪುರ ತಾಲೂಕಿನ ಘಟ್ಟದ ಮೇಲೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಪೂರ್ವಕ್ಕೆ ಹರಿದು ನಮ್ಮ ನೆಲಕ್ಕೆ ಬರುತ್ತಾಳೆ. ನವಿಲುತೀರ್ಥದ ಕಟ್ಟೆಯಲ್ಲಿ ನಿಲ್ಲುತ್ತಾಳೆ. ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಖಾನಾಪುರ ತಾಲೂಕಿನ ದೇಗಾಂವದಲ್ಲಿ ಮಹದಾಯಿ ಹುಟ್ಟುತ್ತಾಳೆ. ಅವಳ ದಾರಿ ಪಶ್ಚಿಮಕ್ಕೆ. ಘಟ್ಟ ಇಳಿದು ಗೋವೆಗೆ ಹೋಗಿ, ಅಲ್ಲಿ ಮಾಂಡವಿ ಎಂದು ಕರೆಸಿಕೊಂಡು, ಪಣಜಿಯ ಬಳಿ ಕಡಲು ಸೇರುತ್ತಾಳೆ. ಒಂದೇ ಮಳೆ, ಒಂದೇ ಕಾಡು, ಒಂದೇ ತಾಲೂಕು; ಒಂದು ಹನಿ ಬಂಗಾಳ ಕೊಲ್ಲಿಯ ಕಡೆಗೆ, ಇನ್ನೊಂದು ಹನಿ ಅರಬ್ಬೀ ಸಮುದ್ರದ ಕಡೆಗೆ. ಪಶ್ಚಿಮಕ್ಕೆ ಹೋಗುವ ನೀರಿನಲ್ಲಿ ಸ್ವಲ್ಪವನ್ನು ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಬೇಕೆಂಬುದೇ ನಮ್ಮ ಭಾಗದ ಬಹುದಿನದ ಬೇಡಿಕೆ.

ಈ ಬೇಡಿಕೆ ನ್ಯಾಯವಾದದ್ದು. ಇದರಲ್ಲಿ ನಮಗೆ ಎರಡು ಮಾತಿಲ್ಲ. ನವಿಲುತೀರ್ಥದ ಕಟ್ಟೆಗೆ 37 ಟಿ.ಎಂ.ಸಿ.ಗೂ ಹೆಚ್ಚು ನೀರು ಹಿಡಿಯುವ ಹೊಟ್ಟೆಯಿದೆ. ಎಷ್ಟೋ ವರ್ಷ ಆ ಹೊಟ್ಟೆ ತುಂಬುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು ಈ ಕಟ್ಟೆಯದು. ಕಾಲುವೆಯ ಕೊನೆಯ ರೈತ ಈ ಕಟ್ಟೆಯ ಕಡೆಗೇ ಮುಖ ಮಾಡಿ ಕೂತಿದ್ದಾನೆ. 7.56 ಟಿ.ಎಂ.ಸಿ. ಬೇಕೆಂದು ಕರ್ನಾಟಕ ಕೇಳಿತು. 2010ರಲ್ಲಿ ನ್ಯಾಯಾಧಿಕರಣ ಕೂತಿತು. 2015ರ ಜುಲೈದಲ್ಲಿ ನರಗುಂದದ ರೈತರು ಧರಣಿ ಹೂಡಿದರು. 2016ರ ಜುಲೈದಲ್ಲಿ ಮಧ್ಯಂತರ ಅರ್ಜಿ ತಿರಸ್ಕಾರವಾದಾಗ ನವಲಗುಂದ, ಯಮನೂರುಗಳಲ್ಲಿ ಲಾಠಿ ಬೀಸಿತು. 2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಎಂದರು. ಅದರಲ್ಲಿ 8.02 ವಿದ್ಯುತ್ತಿಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಉಳಿದದ್ದು 3.9. ಕಳಸಾದಿಂದ 1.72, ಬಂಡೂರಿಯಿಂದ 2.18. ಗೋವೆಗೆ 24, ಮಹಾರಾಷ್ಟ್ರಕ್ಕೆ 1.33. 2020ರ ಫೆಬ್ರುವರಿ 27ರಂದು ಈ ತೀರ್ಪು ಗ್ಯಾಜೆಟ್ಟಿನಲ್ಲಿ ಅಚ್ಚಾಯಿತು. 2022ರ ಡಿಸೆಂಬರದಲ್ಲಿ ಕೇಂದ್ರ ಜಲ ಆಯೋಗ ಯೋಜನೆಯ ವರದಿಗೆ ಒಪ್ಪಿಗೆ ಕೊಟ್ಟಿತು. ಆ ಮೇಲೆ ಕಡತ ಅರಣ್ಯ ಮತ್ತು ವನ್ಯಜೀವಿ ಇಲಾಖೆಗಳ ಬಾಗಿಲಿಗೆ ಹೋಗಿ ನಿಂತಿತು.

ಇಷ್ಟೆಲ್ಲ ವರ್ಷಗಳಲ್ಲಿ ವೇದಿಕೆಯಿಂದ ವೇದಿಕೆಗೆ ನಾವು ಕೇಳಿದ ಒಂದು ವಾಕ್ಯವಿದೆ: “ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು.” ಈ ವಾಕ್ಯವೇ ನಮ್ಮ ವಾದವನ್ನು ಹಾಳು ಮಾಡುತ್ತಿದೆ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಕುಡಿಯುವ ನೀರಿಗಾಗಿ ಕೇಳುವುದಕ್ಕೆ ಇನ್ನೊಬ್ಬರ ನೀರನ್ನು ವ್ಯರ್ಥ ಎಂದು ಕರೆಯಬೇಕಾದ ಅಗತ್ಯವಿಲ್ಲ. ಹಸಿದವನು ಅನ್ನ ಕೇಳುತ್ತಾನೆ. ನಿನ್ನ ತಾಟಿನಲ್ಲಿದ್ದದ್ದು ದಂಡ ಎಂದು ಹೇಳಿ ಕೇಳುವುದಿಲ್ಲ.

ಸಮುದ್ರಕ್ಕೆ ಹೋಗುವ ಸಿಹಿನೀರು ಅಳಿವೆಯಲ್ಲಿ ಏನು ಮಾಡುತ್ತದೆ? ಅಲ್ಲಿ ಸಿಹಿನೀರೂ ಉಪ್ಪುನೀರೂ ಕೂಡಿ ಸವಳು ನೀರಾಗುತ್ತದೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮಳೆಗಾಲದಲ್ಲಿ ಸಿಹಿಯ ಕೈ ಮೇಲು, ಬೇಸಿಗೆಯಲ್ಲಿ ಉಪ್ಪಿನ ಕೈ ಮೇಲು. ಈ ಏರಿಳಿತಕ್ಕೆ ಒಗ್ಗಿಕೊಂಡ ಜೀವಿಗಳು ಮಾತ್ರ ಅಲ್ಲಿ ಬದುಕುತ್ತವೆ. ಅವುಗಳಲ್ಲಿ ಒಂದು ಕಡಲಹುಲ್ಲು.

ಕಡಲಹುಲ್ಲು ಪಾಚಿಯಲ್ಲ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಪಾಚಿಗೆ ಬೇರಿಲ್ಲ, ಹೂವಿಲ್ಲ. ಕಡಲಹುಲ್ಲಿಗೆ ನಮ್ಮ ಹೊಲದ ಕರಿಕೆಯ ಹಾಗೆ ಬೇರು ಇದೆ, ಮಣ್ಣಿನೊಳಗೆ ಹಬ್ಬುವ ಕಾಂಡವಿದೆ, ಹೂವಿದೆ, ಬೀಜವಿದೆ. ಕೋಟ್ಯಂತರ ವರ್ಷಗಳ ಹಿಂದೆ ನೆಲದ ಮೇಲಿದ್ದ ಗಿಡಗಳ ವಂಶವೇ ಮರಳಿ ನೀರಿಗೆ ಇಳಿದು ಕಡಲಹುಲ್ಲಾಯಿತು. ಜಗತ್ತಿನಲ್ಲಿ ಇದರ ಸುಮಾರು 70 ಜಾತಿಗಳಿವೆ. ನಮ್ಮ ದೇಶದಲ್ಲಿ ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್, ಒಡಿಶಾದ ಚಿಲಿಕಾ ಸರೋವರಗಳಲ್ಲಿ ಇದರ ಬಯಲುಗಳಿವೆ. ಪಾಕ್ ಕೊಲ್ಲಿಯ ಹುಲ್ಲನ್ನು ಮೇದು ಬದುಕುವ ಕಡಲಹಸುವಿಗಾಗಿ 2022ರಲ್ಲಿ 448 ಚದರ ಕಿಲೋಮೀಟರ್ ನೀರನ್ನು ತಮಿಳುನಾಡು ಸರಕಾರ ಸಂರಕ್ಷಿತ ಪ್ರದೇಶವೆಂದು ಸಾರಿತು.

ಈ ಹುಲ್ಲು ಮಾಡುವ ಕೆಲಸವೇನು? ಸಿಗಡಿಯ ಮರಿ, ಮೀನಿನ ಮರಿ ದೊಡ್ಡ ಮೀನಿನ ಬಾಯಿಗೆ ಬೀಳದಂತೆ ಈ ಹುಲ್ಲಿನಲ್ಲಿ ಅಡಗಿ ಬೆಳೆಯುತ್ತವೆ. ಬೇರು ಕೆಸರನ್ನು ಹಿಡಿದಿಡುತ್ತದೆ; ಎಲೆ ತೆರೆಯ ಓಟವನ್ನು ತಗ್ಗಿಸುತ್ತದೆ; ನೀರು ತಿಳಿಯಾಗುತ್ತದೆ. ಗಾಳಿಯಲ್ಲಿರುವ ಇಂಗಾಲ ಈ ಹುಲ್ಲಿನ ಮೂಲಕ ಕೆಸರಿನೊಳಗೆ ಹೂತು ಕೂಡುತ್ತದೆ. ಮೀನುಗಾರನ ಬುಟ್ಟಿ ತುಂಬುವುದು ಮೇಲಿನ ನೀರಿನಿಂದಲೇ ಎಂದು ನಾವು ತಿಳಿಯುತ್ತೇವೆ. ಬುಟ್ಟಿಯ ಬಂಡವಾಳ ಕೆಳಗಿನ ಹುಲ್ಲಿನಲ್ಲಿರುತ್ತದೆ.

ಇನ್ನು ಮಾಂಡವಿಯ ಮಾತು. ಗೋವೆಯ ದೋನಾಪಾವಲದಲ್ಲಿ 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಿದೆ. ಅದರ ವಿಜ್ಞಾನಿಗಳಾದ ಟಿ.ಜಿ. ಜಗತಾಪ ಮತ್ತು ಎ.ಜಿ. ಉಂಟವಾಲೆ ಮಾಂಡವಿಯ ಅಳಿವೆಯ ಕಡಲಹುಲ್ಲಿನ ಮೇಲೆ ಒಂದು ಅಭ್ಯಾಸವನ್ನು 1981ರಲ್ಲಿ ಪ್ರಕಟಿಸಿದರು. ಆ ಹುಲ್ಲಿನ ಶಾಸ್ತ್ರೀಯ ಹೆಸರು ಹ್ಯಾಲೊಫಿಲಾ ಬೆಕ್ಕಾರಿಐ. ಇದು ಹುಲ್ಲುಗಳಲ್ಲೇ ತೀರ ಚಿಕ್ಕದು. ಎಲೆ ಒಂದು ಅಂಗುಲವೂ ಉದ್ದವಿಲ್ಲ. ಇಳಿತದ ಹೊತ್ತಿನಲ್ಲಿ ತೆರೆದು ಕಾಣುವ ಕೆಸರಿನ ಮೇಲೆ ಹಸಿರು ಜಮಖಾನೆಯ ಹಾಗೆ ಹಬ್ಬುತ್ತದೆ. ಸವಳು ನೀರಿನ ಏರಿಳಿತವನ್ನು ತಾಳಬಲ್ಲದು. ಆದರೂ ಜಗತ್ತಿನ ಅಳಿವಿನ ಪಟ್ಟಿಯಲ್ಲಿ ಇದು ಅಪಾಯಕ್ಕೆ ಒಳಗಾದ ಜಾತಿಯೆಂದು ಸೇರಿದೆ. ಏಕೆಂದರೆ ಇದು ಬೆಳೆಯುವ ಜಾಗವೇ ಬಂದರು ಕಟ್ಟುವವರಿಗೂ, ಕೆಸರುಬಯಲು ತುಂಬಿ ನಿವೇಶನ ಮಾಡುವವರಿಗೂ, ಸಿಗಡಿ ಹೊಂಡ ತೋಡುವವರಿಗೂ ಬೇಕಾದ ಜಾಗ.

ಕಡಲಹುಲ್ಲಿಗೆ ಬೇಕಾದದ್ದು ಬೆಳಕು. ನೀರಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹತ್ತು-ಹನ್ನೊಂದು ಪಾಲಾದರೂ ತಳಕ್ಕೆ ಮುಟ್ಟದಿದ್ದರೆ ಹೆಚ್ಚಿನ ಜಾತಿಗಳು ಬಾಳುವುದಿಲ್ಲ. ಊರಿನ ಹೊಲಸು ನೀರು ಬಿಟ್ಟರೆ ಪಾಚಿ ಹೆಚ್ಚಿ ಬೆಳಕು ಮುಚ್ಚುತ್ತದೆ. ಗಣಿಯ ಮಣ್ಣು ಬಂದರೆ ನೀರು ಕದಡಿ ಬೆಳಕು ಮುಚ್ಚುತ್ತದೆ. ಹೂಳೆತ್ತುವ ಯಂತ್ರ ಬಂದರೆ ಬೇರೇ ಕಿತ್ತು ಹೋಗುತ್ತದೆ. ಸಿಹಿನೀರಿನ ಪ್ರಮಾಣವೂ, ಅದು ಬರುವ ತಿಂಗಳೂ ಬದಲಾದರೆ ಉಪ್ಪಿನ ಹದ ಬದಲಾಗುತ್ತದೆ. ಹೀಗೆ ಒಂದೇ ಹುಲ್ಲಿಗೆ ಹಲವು ವೈರಿಗಳು. ಮಾಂಡವಿಯಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಬಾರ್ಜುಗಳು ಓಡಾಡಿದವು. 2012ರಲ್ಲಿ ಮತ್ತು 2018ರಲ್ಲಿ ಸುಪ್ರೀಮ್ ಕೋರ್ಟು ಗೋವೆಯ ಗಣಿಗಳನ್ನು ನಿಲ್ಲಿಸಬೇಕಾಯಿತು ಎಂಬುದು ಎಲ್ಲರಿಗೂ ತಿಳಿದದ್ದೇ.

ನಮ್ಮ ಮುಖ್ಯ ಮಾತು ಈಗ ಬಂತು. ಇಂದು ಆ ಹುಲ್ಲು ಎಷ್ಟಿದೆ, ಹೇಗಿದೆ ಎಂದು ಬರೆದಿಡದೆ ನಾಳೆ ಕಳಸಾ-ಬಂಡೂರಿಯ ನೀರನ್ನು ತಿರುಗಿಸಿದರೆ ಏನಾಗುತ್ತದೆ? ಹತ್ತು ವರ್ಷದ ಮೇಲೆ ಹುಲ್ಲು ಕಡಿಮೆಯಾಗಿದ್ದರೆ ಅಲ್ಲಿಯ ಗಣಿಯ ಧನಿಕನೂ, ಕೆಸರುಬಯಲು ತುಂಬಿದ ಬಿಲ್ಡರನೂ, ಹೊಲಸು ಬಿಟ್ಟ ನಗರಸಭೆಯೂ ಒಂದೇ ಬಾಯಿಂದ ಹೇಳುತ್ತಾರೆ: ಬೆಳಗಾವಿ ಜಿಲ್ಲೆಯವರು ನೀರು ಕುಡಿದರು, ಅದಕ್ಕೇ ಹುಲ್ಲು ಸತ್ತಿತು. ಇತ್ತ ನಮ್ಮ ಮಂತ್ರಿಗಳು, ಹುಲ್ಲೇ ಇರಲಿಲ್ಲ ಎನ್ನುತ್ತಾರೆ. ಎರಡೂ ಮಾತಿಗೆ ಸಾಕ್ಷಿಯಿಲ್ಲ. ಅಂಗಡಿಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರಂಭ ಶಿಲ್ಕು ಬರೆಯದ ಕಿರ್ದಿಯಲ್ಲಿ ಲಾಭವೂ ತಿಳಿಯದು, ನಷ್ಟವೂ ತಿಳಿಯದು, ಕಳ್ಳನೂ ಸಿಗುವುದಿಲ್ಲ. ಮೊದಲ ದಿನದ ಶಿಲ್ಕನ್ನು ಮೊದಲ ದಿನವೇ ಬರೆಯಬೇಕು. ವರ್ಷಾಂತ್ಯಕ್ಕೆ ಕೂತು ನೆನಪಿನಿಂದ ಬರೆದದ್ದನ್ನು ಯಾವ ಪಂಚರೂ ಒಪ್ಪುವುದಿಲ್ಲ.

ಗಿರಣಿಯ ಕಾಮಗಾರರೂ ಇದನ್ನು ಬಲ್ಲರು. ನೇಯ್ದ ಬಟ್ಟೆಯನ್ನು ಮಾಲಕನ ಮನುಷ್ಯನೇ ಅಳೆದು, ಅವನೇ ಬರೆದು, ಅವನೇ ಪಗಾರ ಮುರಿಯುವಾಗ ಎಷ್ಟು ಅನ್ಯಾಯವಾಗುತ್ತದೆ ಎಂಬುದನ್ನು ಪೀಸಿನ ಲೆಕ್ಕದ ಮೇಲೆ ದುಡಿದವನನ್ನು ಕೇಳಬೇಕು. ಅಳತೆಯ ಹೊತ್ತಿಗೆ ಕೆಲಸಗಾರರ ಪ್ರತಿನಿಧಿ ಹತ್ತಿರ ನಿಂತರೆ ಗಜಕ್ಕೆ ಗಜವೇ ಸಿಗುತ್ತದೆ. ಗಜಕಡ್ಡಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಕೂಲಿ ನಿಂತಿದೆ. ನೀರಿನ ವಿಷಯದಲ್ಲಿ ನಮ್ಮ ರೈತರು ಇದೇ ಪಾಠವನ್ನು ರಕ್ತ ಕೊಟ್ಟು ಕಲಿತರು. ಮಲಪ್ರಭಾ ಅಚ್ಚುಕಟ್ಟಿನ ಕಾಗದಗಳಲ್ಲಿ ಜಮೀನು ನೀರಾವರಿಯಾಗಿತ್ತು. ಎಷ್ಟೋ ಹೊಲಗಳಿಗೆ ನೀರು ಮುಟ್ಟಿರಲಿಲ್ಲ. ಆದರೂ ಅಭಿವೃದ್ಧಿ ಕರ ಕೊಡಿರೆಂದು ಸರಕಾರ ಕೂತಿತು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರು ನಡೆಯಿತು. ಆ ಹೋರಾಟದ ಬೇರಿನಲ್ಲಿದ್ದದ್ದು ಸುಳ್ಳು ಅಳತೆ.

ಹಾಗಾದರೆ ಕಡಲಹುಲ್ಲನ್ನು ಅಳೆಯುವುದು ಹೇಗೆ? ಇದು ದೊಡ್ಡ ವಿಜ್ಞಾನಿಗಳಿಗೇ ಸಾಧ್ಯವಾದ ಮಂತ್ರವಿದ್ಯೆ ಎಂದು ಯಾರೂ ಭಾವಿಸಬಾರದು. 1998ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ‘ಸೀಗ್ರಾಸ್ ವಾಚ್’ ಎಂಬ ಕೆಲಸ ಆರಂಭವಾಯಿತು. ಅದರಲ್ಲಿ ಊರಿನ ಸಾಮಾನ್ಯ ಜನರೂ ಸ್ವಯಂಸೇವಕರಾಗಿ ಅಳೆಯುತ್ತಾರೆ. ವಿಧಾನ ಇಷ್ಟೇ: ಇಳಿತದ ಹೊತ್ತಿಗೆ ಹುಲ್ಲಿನ ಬಯಲಿಗೆ ಹೋಗಬೇಕು. 50 ಮೀಟರ್ ಉದ್ದದ ಮೂರು ಹಗ್ಗ, ಒಂದಕ್ಕೊಂದು 25 ಮೀಟರ್ ದೂರದಲ್ಲಿ, ಸಾಲಾಗಿ ಎಳೆಯಬೇಕು. ಪ್ರತಿ ಹಗ್ಗದ ಗುಂಟ 5 ಮೀಟರಿಗೊಮ್ಮೆ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಉದ್ದದ ಚೌಕಟ್ಟು ಇಡಬೇಕು. ಹೀಗೆ ಒಂದು ಹಗ್ಗಕ್ಕೆ 11, ಮೂರು ಹಗ್ಗಕ್ಕೆ 33 ಚೌಕಟ್ಟು. ಪ್ರತಿ ಚೌಕಟ್ಟಿನೊಳಗೆ ನೂರಕ್ಕೆ ಎಷ್ಟು ಪಾಲು ಹುಲ್ಲು ಮುಚ್ಚಿದೆ, ಯಾವ ಜಾತಿಯದು, ಎಲೆ ಎಷ್ಟು ಎತ್ತರ, ಮೇಲೆ ಪಾಚಿ ಹತ್ತಿದೆಯೇ, ಕೆಳಗೆ ಮರಳೋ ಕೆಸರೋ ಎಂದು ಬರೆಯಬೇಕು. ಒಂದು ಚಿತ್ರ ತೆಗೆಯಬೇಕು. ಮುಂದಿನ ಸಲ ಅದೇ ಜಾಗಕ್ಕೆ ಬಂದು ಮತ್ತೆ ಹಾಗೆಯೇ ಬರೆಯಬೇಕು. ಹಗ್ಗ, ಚೌಕಟ್ಟು, ಪೆನ್ಸಿಲು, ಕಾಗದ ಇಷ್ಟೇ ಸಾಮಾನು. ಏಳನೇ ಇಯತ್ತೆ ಓದಿದ ಹುಡುಗ ಎರಡು ದಿನದಲ್ಲಿ ಕಲಿಯುತ್ತಾನೆ. ಅಳಿವೆಯ ಕೆಸರಿನಲ್ಲಿ ಚಿಪ್ಪು ಆರಿಸುವ ಹೆಂಗಸರು ಇನ್ನೂ ಬೇಗ ಕಲಿತಾರು. ಆ ಕೆಸರಿನ ಅಂಗುಲ ಅಂಗುಲ ಅವರಿಗೆ ಗೊತ್ತು.

ಹೀಗೆ ಅಳೆದದ್ದರಿಂದ ಏನಾದರೂ ಆಗಿದೆಯೇ ಎಂದು ಕೇಳುವವರಿಗೆ ಅಮೇರಿಕೆಯ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಕಥೆ ಹೇಳುತ್ತೇವೆ. ಅಲ್ಲಿ ಊರುಗಳ ಹೊಲಸು ನೀರು ಬಿದ್ದು ಬಿದ್ದು 1982ರ ಹೊತ್ತಿಗೆ ಕಡಲಹುಲ್ಲು ಸುಮಾರು 21,600 ಎಕರೆಗೆ ಇಳಿದಿತ್ತು. ಹೊಲಸನ್ನು ಶುದ್ಧ ಮಾಡಿಯೇ ಬಿಡಬೇಕೆಂದು ಕಾನೂನು ಕಟ್ಟು ಮಾಡಿತು. ವಿಮಾನದಿಂದ ಚಿತ್ರ ತೆಗೆದು ಎರಡೆರಡು ವರ್ಷಕ್ಕೆ ಅಳೆದರು. 2016ಕ್ಕೆ ಹುಲ್ಲು 41,000 ಎಕರೆ ದಾಟಿತು. ಆ ಮೇಲೆ ಮತ್ತೆ ಕುಸಿಯಿತು. 2022ರ ಅಳತೆಯಲ್ಲಿ ಸುಮಾರು 30,000 ಎಕರೆ. ಏರಿದ್ದೂ ತಿಳಿಯಿತು, ಇಳಿದದ್ದೂ ತಿಳಿಯಿತು. ಇಳಿದದ್ದು ತಿಳಿದ ಕೂಡಲೇ ಯಾರ ಹೊಲಸು, ಯಾವ ಮೂಲೆ ಎಂದು ಕೇಳುವ ಹಕ್ಕು ಜನರಿಗೆ ಬಂತು.

ಅಳೆಯದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಬೇಕೆ? 1930ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಂಡೆಗಳಲ್ಲಿ ಒಂದು ರೋಗ ಬಂದು ಕಡಲಹುಲ್ಲು ಬಯಲು ಬಯಲೇ ಸತ್ತಿತು. ಅಮೇರಿಕೆಯ ವರ್ಜೀನಿಯಾದ ಕರಾವಳಿ ಕೊಲ್ಲಿಗಳಲ್ಲಿ ಹುಲ್ಲಿನ ಜೊತೆಗೆ ಚಿಪ್ಪುಮೀನಿನ ಕಸುಬೂ ನೆಲಕಚ್ಚಿತು. ಎಪ್ಪತ್ತು ವರ್ಷದ ಬಳಿಕ ಜನ ಬೀಜ ಬಿತ್ತಲು ಶುರು ಮಾಡಿದರು. ಏಳು ಕೋಟಿಗೂ ಹೆಚ್ಚು ಬೀಜ ಬಿತ್ತಿದ ಮೇಲೆ ಸುಮಾರು 3,600 ಹೆಕ್ಟೇರ್ ಹುಲ್ಲು ಮರಳಿತು. ಕಳೆದದ್ದನ್ನು ಮರಳಿ ತರುವುದಕ್ಕೆ ಎರಡು ತಲೆಮಾರು ಬೇಕಾಯಿತು. ಜಗತ್ತಿನ ಲೆಕ್ಕವನ್ನು 2009ರಲ್ಲಿ ವಿಜ್ಞಾನಿಗಳು ಕೂಡಿಸಿದಾಗ, 1879ರಿಂದೀಚೆಗೆ ಗೊತ್ತಿದ್ದ ಕಡಲಹುಲ್ಲಿನಲ್ಲಿ ನೂರಕ್ಕೆ 29 ಪಾಲು ಹೋಗಿತ್ತೆಂದು ಕಂಡಿತು. ಗೊತ್ತಿಲ್ಲದೆ ಹೋದದ್ದು ಎಷ್ಟೋ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯೂ 2019ರ ಅಧಿಸೂಚನೆಯೂ ಕಡಲಹುಲ್ಲಿನ ಬಯಲುಗಳನ್ನು ಒಂದನೆಯ ದರ್ಜೆಯ ರಕ್ಷಣೆಗೆ ಸೇರಿಸಿವೆ. ಕಾಗದದ ಮೇಲೆ ಹುಲ್ಲು ಸುರಕ್ಷಿತ. ಆದರೆ ಕಳಸಾ-ಬಂಡೂರಿಯ ವಿಷಯದಲ್ಲಿ ಕೇಂದ್ರದ ಪರಿಸರ ಸಚಿವಾಲಯ ಆಡಿದ ಆಟ ನೋಡಿರಿ. ಇದು ಕುಡಿಯುವ ನೀರಿನ ಯೋಜನೆ, ಪರಿಸರದ ಪರೀಕ್ಷೆ ಬೇಕಿಲ್ಲ ಎಂದು 2019ರ ಅಕ್ಟೋಬರದಲ್ಲಿ ಪತ್ರ ಬರೆಯಿತು. ಗೋವೆಯಲ್ಲಿ ಕೂಗೆದ್ದಿತು; ಡಿಸೆಂಬರದಲ್ಲಿ ಅದೇ ಪತ್ರವನ್ನು ತಡೆಹಿಡಿಯಿತು. ಅಕ್ಟೋಬರದ ಪತ್ರ ನಮ್ಮ ಮತಕ್ಕಾಗಿ, ಡಿಸೆಂಬರದ ಪತ್ರ ಅವರ ಮತಕ್ಕಾಗಿ. ಆ ಎರಡು ಪತ್ರಗಳ ನಡುವೆ ನದಿಯೂ ಬದಲಾಗಲಿಲ್ಲ, ಅಳಿವೆಯೂ ಬದಲಾಗಲಿಲ್ಲ. ಬದಲಾದದ್ದು ಕೂಗು ಮಾತ್ರ. ಇಂಥವರ ಕೈಯಲ್ಲಿ ತಕ್ಕಡಿ ಕೊಟ್ಟು ನ್ಯಾಯ ಬಯಸಬೇಕೆ?

ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳುತ್ತಾರೆ: ಮಕ್ಕಳಿಗೆ ಕುಡಿಯಲು ನೀರಿಲ್ಲದಾಗ ಹುಲ್ಲಿನ ಚಿಂತೆ ಏಕೆ? ಒಳ್ಳೆಯ ಪ್ರಶ್ನೆ. ಮಗು ಮತ್ತು ಹುಲ್ಲು, ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾವು ಮಗುವನ್ನೇ ಆರಿಸುತ್ತೇವೆ. ಆದರೆ ಯಾರೂ ಹಾಗೆ ಆರಿಸಲು ಹೇಳಿಲ್ಲ. ನ್ಯಾಯಾಧಿಕರಣವೇ ಹಾಕಿದ ಲೆಕ್ಕದ ಪ್ರಕಾರ ಮಹದಾಯಿಯಲ್ಲಿ ನೂರು ವರ್ಷಕ್ಕೆ 75 ವರ್ಷ ನಂಬಬಹುದಾದ ನೀರು 188.06 ಟಿ.ಎಂ.ಸಿ. ನಾವು ತಿರುಗಿಸಲು ಪಡೆದದ್ದು 3.9, ಅಂದರೆ ನೂರಕ್ಕೆ ಎರಡು ಪಾಲು. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. ನಮ್ಮ ಪಾಲು ಸುಮಾರು 11,000 ಕೋಟಿ ಲೀಟರು. ಬಾಯಾರಿದ ಊರುಗಳಿಗೆ ಅದು ದೊಡ್ಡದು, ಇಡೀ ನದಿಗೆ ಅದು ಚಿಕ್ಕದು. ಚಿಕ್ಕದೆಂಬುದು ನಿಜವಾದರೆ ಅಳತೆ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹಾಗಿರುವಾಗ ಅಳತೆ ಬೇಡವೆನ್ನುವುದು ಏಕೆ? ತಕ್ಕಡಿಗೆ ಹೆದರುವವನು ತೂಕದಲ್ಲಿ ಮೋಸ ಮಾಡುವವನು. ಮುದ್ರೆ ಬಿದ್ದ ತೂಕದ ಕಲ್ಲಿಟ್ಟುಕೊಂಡ ಅಂಗಡಿಕಾರ ಇನ್‌ಸ್ಪೆಕ್ಟರನನ್ನು ಕಂಡು ಅಂಗಡಿ ಮುಚ್ಚುವುದಿಲ್ಲ.

ಇನ್ನೊಬ್ಬರು ಕೇಳುತ್ತಾರೆ: ಲೆಕ್ಕ ನಮ್ಮ ವಿರುದ್ಧ ಬಂದರೆ? ಇದು ಇನ್ನೂ ಗಟ್ಟಿ ಪ್ರಶ್ನೆ. ಇದಕ್ಕೆ ನಾವು ನುಣುಚಿಕೊಳ್ಳುವುದಿಲ್ಲ. ನಮ್ಮ ವಿರುದ್ಧ ಬಂದರೆ ಒಪ್ಪಬೇಕು. ಒಪ್ಪುವುದೆಂದರೆ ನೀರು ಬಿಟ್ಟುಕೊಡುವುದಲ್ಲ. ಯಾವ ತಿಂಗಳು ತಿರುಗಿಸಬೇಕು, ಯಾವ ತಿಂಗಳು ಮುಟ್ಟಬಾರದು, ಬೇಸಿಗೆಯಲ್ಲಿ ಹಳ್ಳದಲ್ಲಿ ಎಷ್ಟು ಹರಿಯಲು ಬಿಡಬೇಕು ಎಂಬುದನ್ನು ಅಳತೆಯ ಪ್ರಕಾರ ತಿದ್ದಿಕೊಳ್ಳಬೇಕು. ಮಳೆಗಾಲದ ಹೊನಲಿನಲ್ಲಿ ತೆಗೆದ ಒಂದು ಕೊಡಕ್ಕೂ, ಏಪ್ರಿಲ್ ತಿಂಗಳ ಒಂದು ಕೊಡಕ್ಕೂ ಅಜಗಜಾಂತರ. ಮಾಂಡವಿಯ ದಂಡೆಯ ಮೀನುಗಾರ ನಮ್ಮ ವೈರಿಯಲ್ಲ. ಅವನೂ ನಮ್ಮಂತೆ ದಿನದ ದುಡಿಮೆಯ ಮೇಲೆ ಒಲೆ ಹಚ್ಚುವವನು. ಅವನ ಬುಟ್ಟಿಯನ್ನು ಬರಿದು ಮಾಡಿ ನಮ್ಮ ಕೊಡ ತುಂಬಿಸಿಕೊಳ್ಳುವುದು ನಮ್ಮ ಹೋರಾಟದ ಗುರಿಯಾಗಿರಲಿಲ್ಲ, ಆಗಲೂ ಬಾರದು. ಇಬ್ಬರು ಬಡವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಎರಡೂ ರಾಜಧಾನಿಗಳಲ್ಲಿ ಗದ್ದುಗೆ ಭದ್ರ ಮಾಡಿಕೊಳ್ಳುವ ಕಲೆ ಪುಢಾರಿಗಳಿಗೆ ಚೆನ್ನಾಗಿ ಗೊತ್ತಿದೆ.

ಇನ್ನೂ ಒಂದು ಮಾತು. ಇನ್ನೊಬ್ಬರ ಅಳಿವೆಯನ್ನು ಅಳೆಯಿರಿ ಎನ್ನುವ ನಾವು ನಮ್ಮ ಹೊಳೆಯನ್ನೂ ನೋಡಿಕೊಳ್ಳಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ 17 ನದಿಗಳಲ್ಲಿ ಮಲಪ್ರಭೆಯೂ ಒಂದು. ಊರುಗಳ ಗಟಾರ ನೀರು, ಕಾರಖಾನೆಗಳ ಹೊಲಸು, ಹೊಲದಿಂದ ತೊಳೆದು ಬರುವ ಗೊಬ್ಬರ ಎಲ್ಲವೂ ಕೊನೆಗೆ ಹೊಳೆಗೇ ಬರುತ್ತವೆ. ಮಹದಾಯಿಯ ತಿಳಿನೀರನ್ನು ತಂದು ಮಲಿನ ಹೊಳೆಗೆ ಬೆರೆಸಿ ಕುಡಿಯುವುದಾದರೆ ಇಷ್ಟು ವರ್ಷದ ಹೋರಾಟಕ್ಕೆ ಅರ್ಥವೇನು? ಕಡಲಹುಲ್ಲನ್ನು ಕೊಲ್ಲುವ ಕದಡು ಮತ್ತು ಹೊಲಸೇ ನಮ್ಮ ಮಕ್ಕಳ ಹೊಟ್ಟೆಯನ್ನೂ ಕೆಡಿಸುತ್ತವೆ. ಅಳಿವೆಯ ಆರೋಗ್ಯವೂ ಹೊಳೆಯ ಆರೋಗ್ಯವೂ ಒಂದೇ ಕಿರ್ದಿಯ ಎರಡು ಪುಟಗಳು.

ಇದರಲ್ಲಿ ನಮ್ಮ ಊರಿನವರು ಇಂದೇ ಮಾಡಬಹುದಾದ ಕೆಲಸವೂ ಇದೆ. 1865ರಲ್ಲಿ ಇಟಲಿಯ ಆ್ಯಂಜೆಲೊ ಸೆಕ್ಕಿ ಎಂಬ ಪಾದ್ರಿ-ಖಗೋಲಜ್ಞ ನೀರಿನ ತಿಳಿಯನ್ನು ಅಳೆಯಲು ಒಂದು ಬಿಳಿ ತಟ್ಟೆಯನ್ನು ಬಳಸಿದ. ಇಂದಿಗೂ ಜಗತ್ತಿನ ಕೆರೆ-ಕಡಲುಗಳಲ್ಲಿ ಅದೇ ವಿಧಾನ ನಡೆಯುತ್ತದೆ. 20 ಸೆಂಟಿಮೀಟರ್ ಅಗಲದ ತಗಡಿನ ತಟ್ಟೆಗೆ ನಾಲ್ಕು ಪಾಲು ಮಾಡಿ ಬಿಳಿ-ಕರಿ ಬಣ್ಣ ಬಳಿದು, ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಿಂದ ನೀರಿಗೆ ಇಳಿಬಿಡಬೇಕು. ತಟ್ಟೆ ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳಬೇಕು. ಬೆಳಕು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ನವಿಲುತೀರ್ಥದ ನಿಂತ ನೀರಿನಲ್ಲಿ ಮುನವಳ್ಳಿ, ಸವದತ್ತಿಯ ಹೈಸ್ಕೂಲು ಹುಡುಗರು ಮಾಸ್ತರರ ಜೊತೆಗೆ ಹೋಗಿ ತಿಂಗಳಿಗೊಮ್ಮೆ ಇದನ್ನು ಬರೆಯಬಲ್ಲರು. ಖರ್ಚು ನೂರಾರು ರೂಪಾಯಿ. ವಹಿಯೊಂದು ಐದು ವರ್ಷ ತುಂಬಿದರೆ ಯಾವ ಅಧಿಕಾರಿಯ ಮುಂದೆಯೂ ಇಟ್ಟು ಮಾತಾಡಬಹುದು.

ಸರಕಾರಗಳ ಮುಂದೆ ನಾವು ಇಡುವ ಬೇಡಿಕೆಗಳು ನಾಲ್ಕು.

ಒಂದು: ಕಳಸಾ-ಬಂಡೂರಿಯ ಒಂದು ಹನಿ ತಿರುಗುವ ಮುಂಚೆ, ಕನಿಷ್ಠ ಎರಡು ಮಳೆಗಾಲ ಎರಡು ಬೇಸಿಗೆ, ಮಾಂಡವಿಯ ಅಳಿವೆಯ ಕಡಲಹುಲ್ಲು, ನೀರಿನ ಉಪ್ಪು, ಕದಡು ಇವುಗಳ ಆರಂಭ ಶಿಲ್ಕನ್ನು ಬರೆಯಬೇಕು. ಅನುಮತಿಯ ಕಡತಗಳು ಓಡಾಡುವ ಕಾಲದಲ್ಲೇ ಈ ಕೆಲಸ ಮುಗಿಯುತ್ತದೆ. ಇದರ ಹೆಸರಿನಲ್ಲಿ ಯೋಜನೆಯನ್ನು ಒಂದು ದಿನವೂ ತಡೆಯಬೇಕಾಗಿಲ್ಲ.

ಎರಡು: ತೀರ್ಪನ್ನು ಜಾರಿಗೊಳಿಸಲು ಕೇಂದ್ರ ಸರಕಾರ 2023ರ ಫೆಬ್ರುವರಿಯಲ್ಲಿ ಒಪ್ಪಿದ ‘ಪ್ರವಾಹ’ ಪ್ರಾಧಿಕಾರವಿದೆ. ಎಷ್ಟು ಟಿ.ಎಂ.ಸಿ. ಹೋಯಿತು ಎಂದು ಎಣಿಸುವುದಷ್ಟೇ ಅದರ ಕೆಲಸವಾಗಬಾರದು. ಅಳಿವೆಯ ಲೆಕ್ಕವನ್ನೂ ಅದರ ಕೈಗೆ ಒಪ್ಪಿಸಬೇಕು.

ಮೂರು: ಅಳೆಯುವವರಲ್ಲಿ ಗೋವೆಯ ಮೀನುಗಾರರು, ಖಾನಾಪುರದ ಕಾಡಂಚಿನ ಹಳ್ಳಿಗರು, ನಮ್ಮ ಭಾಗದ ಕಾಲೇಜಿನವರು ಮೂವರೂ ಇರಬೇಕು. ಗುತ್ತಿಗೆ ಪಡೆಯುವವನೇ ಸಂಬಳ ಕೊಟ್ಟು ಬರೆಸಿದ ವರದಿ ನಮಗೆ ಬೇಡ.

ನಾಲ್ಕು: ಲೆಕ್ಕವನ್ನು ವರ್ಷಕ್ಕೆ ಎರಡು ಸಲ ಕನ್ನಡ, ಕೊಂಕಣಿ, ಮರಾಠಿಗಳಲ್ಲಿ ಅಚ್ಚು ಮಾಡಿ ಗ್ರಾಮ ಪಂಚಾಯತಿ, ಪುರಸಭೆಗಳ ಬಾಗಿಲಿಗೆ ಹಚ್ಚಬೇಕು. ಮಲಪ್ರಭೆಯ ನೀರಿನ ಲೆಕ್ಕವೂ ಅದೇ ಹಾಳೆಯ ಮೇಲಿರಬೇಕು.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರು ಯೋಜನೆಯ ಅಂದಾಜು ಪತ್ರಿಕೆಯನ್ನು ತೆಗೆದು ನೋಡಲಿ. ನೂರಾರು ಕೋಟಿಯ ಕಾಮಗಾರಿಯಲ್ಲಿ ಹಗ್ಗ, ಚೌಕಟ್ಟು ಮತ್ತು ಹತ್ತು ಜನರ ಪಗಾರಕ್ಕೆ ಹಣವಿಲ್ಲ ಎನ್ನುವುದು ಹಣದ ಮಾತಲ್ಲ, ಮನಸ್ಸಿನ ಮಾತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ನಮ್ಮ ಸರಕಾರಗಳಿಗಿದೆ. ಅದು ನಮ್ಮ ಚಾಳಿಯಾಗಬಾರದು. ಮುಂದಿನ ಸಲ ಕಳಸಾ-ಬಂಡೂರಿಯ ಸಭೆಗೆ ಯಾವ ಪಕ್ಷದ ಮುಖಂಡ ಬಂದರೂ, ನೀರು ಯಾವಾಗ ಬರುತ್ತದೆ ಎಂದು ಕೇಳುವುದರ ಜೊತೆಗೆ ಶಿಲ್ಕು ಬರೆದಿದ್ದೀರಾ ಎಂದೂ ಕೇಳಿರಿ. ಉತ್ತರ ಬರುವ ತನಕ ಕೂತಲ್ಲಿಂದ ಏಳಬೇಡಿರಿ.